ನೋಡಲಾರದವರು ಬಟ್ಟೆ ಡೊಂಕೆಂದರು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಕಟ್ಟಿದವರು ಕುಣಿದವರಾಗಿರಲಾರರು. ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತು ನೋಡಿದವರೇ ಇರಬೇಕು. ಕುಣಿಯುವವಳಿಗೇ ಗಾದೆ ಕಟ್ಟಲು ಬಿಟ್ಟಿದ್ದರೆ ಅವಳು ಬೇರೆ ಹೇಳುತ್ತಿದ್ದಳು: ನೋಡಲಾರದವರು ಬಟ್ಟೆ ಡೊಂಕೆಂದರು. ಹೋದ ದಸರೆಯ ಸಮಯದಲ್ಲಿ ನಮ್ಮ ಕಡೆ ನಡೆದ ಒಂದು ಸಮಾರಂಭದಿಂದ ಬಂದ ಮೇಲೆ ಈ ಮಾತು ನನ್ನ ತಲೆಯನ್ನು ಕೊರೆಯುತ್ತಲೇ ಇದೆ. ಬರೆದು ಮುಗಿಸಿಬಿಡೋಣ ಎಂದು ಕೂತಿದ್ದೇನೆ.

ನಾನು ಗಂಜಾಮಿನವಳು. ಇತಿಹಾಸದಲ್ಲಿ ಬಿ.ಎ. ಮಾಡಿ, ಕೊನೆಗೆ ಹೊಲಿಗೆ ಯಂತ್ರದ ಮುಂದೆ ಕೂತವಳು. ರವಿಕೆ, ಸೀರೆಯ ಫಾಲ್ಸು, ಶಾಲೆಯ ಯೂನಿಫಾರಂ, ಇವು ನನ್ನ ಅನ್ನ. ವರ್ಷಕ್ಕೆ ಆರೇಳು ಭರತನಾಟ್ಯದ ಡ್ರೆಸ್ಸು ಬರುತ್ತವೆ. ಅವು ನನ್ನ ಖುಷಿ. ಹೊಲಿಯುವ ಹೆಂಗಸರಿಗೆ ಗೊತ್ತು, ಅದು ಸುಮ್ಮನೆ ಆಗುವ ಕೆಲಸವಲ್ಲ. ಒಂದು ರೇಷ್ಮೆ ಸೀರೆಯನ್ನು ಕತ್ತರಿಸಬೇಕು. ಅಂಚು ಎಲ್ಲಿ ಬರಬೇಕು, ಸೆರಗಿನ ಜರಿ ಎಲ್ಲಿ ಬಿಚ್ಚಿಕೊಳ್ಳಬೇಕು ಎಂದು ಮೊದಲೇ ಲೆಕ್ಕ ಹಾಕಬೇಕು. ಕಾಲಿಗೆ ಪೈಜಾಮ, ಎರಡು ಕಾಲಿನ ನಡುವೆ ನೆರಿಗೆ ಹಿಡಿದ ಫ್ಯಾನು, ಮೇಲೆ ರವಿಕೆ, ಅದರ ಮೇಲೆ ದಾವಣಿ, ಹಿಂದೆ ಸೊಂಟಕ್ಕೆ ಒಂದು ತುಂಡು. ಹುಡುಗಿ ನಿಂತಾಗ ಫ್ಯಾನು ಮುಚ್ಚಿರಬೇಕು. ಅರೆಮಂಡಿಯಲ್ಲಿ ಕೂತ ಕೂಡಲೇ ನವಿಲು ಗರಿ ಬಿಚ್ಚಿದ ಹಾಗೆ ತೆರೆದುಕೊಳ್ಳಬೇಕು. ಒಂದು ನೆರಿಗೆ ಹೆಚ್ಚುಕಡಿಮೆಯಾದರೂ ಅದು ಬಾಡಿದ ಬಾಳೆಲೆಯಂತೆ ಜೋತುಬೀಳುತ್ತದೆ.

ನಮ್ಮ ಬೀದಿಯ ಒಬ್ಬ ಹುಡುಗಿಗೆ ಅಂಥದೊಂದು ಡ್ರೆಸ್ಸು ಹೊಲಿದೆ. ಪುಟ್ಟಿ ಅಂತಲೇ ಕರೆಯೋಣ. ಹನ್ನೆರಡು ವರ್ಷ. ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಹೊಸ ರೇಷ್ಮೆ ಸೀರೆಗೆ ದುಡ್ಡಿಲ್ಲ ಎಂದು ತನ್ನ ಧಾರೆ ಸೀರೆಯನ್ನೇ ತಂದು ನನ್ನ ಮೇಜಿನ ಮೇಲೆ ಇಟ್ಟಳು. ನನಗೆ ಕತ್ತರಿ ಹಾಕಲು ಕೈ ಬರಲಿಲ್ಲ. ಅವಳೇ ಧೈರ್ಯ ಹೇಳಿದಳು: “ಕತ್ರುಸಿ ಅಕ್ಕ. ಬೀರುವ್ನಲ್ಲಿ ಮಡಗ್ಕಂಡು ಏನ್ ಮಾಡಾದು? ಮಗಳ ಮೈಮ್ಯಾಲಾದ್ರೂ ಕುಣೀಲಿ.” ಆ ಮಾತು ಕೇಳಿ ಹೊಲಿದ ಬಟ್ಟೆ ಅದು.

ಸಮಾರಂಭದ ಸಂಜೆ ವೇದಿಕೆಯ ಹಿಂದೆ ಪುಟ್ಟಿ ಒಂದು ಸಲ ಅರೆಮಂಡಿ ಕೂತು ನೋಡಿಕೊಂಡಳು. ಫ್ಯಾನು ಚೆನ್ನಾಗಿ ಬಿಚ್ಚಿಕೊಂಡಿತು. ನನ್ನ ಎದೆಯೂ ಬಿಚ್ಚಿಕೊಂಡಿತು. ಅಷ್ಟರಲ್ಲಿ ಸಮಿತಿಯ ಯಜಮಾನರೊಬ್ಬರು ಅಲ್ಲಿಗೆ ಬಂದರು. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದರು. “ಏನಮ್ಮ ಇದು? ಬೆಳೆಯೋ ಹೆಣ್ಣುಮಗು ಹಿಂಗೆ ಕಾಲು ಅಗಲಿಸಿ ಕೂತ್ರೆ ನೋಡೋಕೆ ಚೆನ್ನಾಗಿರ್ತದಾ? ಪ್ಯಾಂಟು ಹಾಕ್ಕೊಂಡು ಭರತನಾಟ್ಯ ಎಲ್ಲಾದ್ರೂ ಉಂಟಾ? ಸೀರೆ ಉಡ್ಸಿ. ಪರಂಪರೆ ಅಂತ ಒಂದದೆ.” ಡ್ಯಾನ್ಸ್ ಮಿಸ್ಸು ಏನೋ ಹೇಳಲು ಹೋದರು. ಮುಂದಿನ ವರ್ಷವೂ ಅವರ ಮಕ್ಕಳಿಗೆ ವೇದಿಕೆ ಬೇಕಲ್ಲ, ಸುಮ್ಮನಾದರು. ನಾನೂ ಸುಮ್ಮನಾದೆ. ಈ ಬರಹದಲ್ಲಿ ನಾನು ಎಷ್ಟು ಜೋರು ಮಾಡಿದರೂ ಆವತ್ತು ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನು ಓದುವವರು ಮರೆಯಬಾರದು.

ಯಾರದೋ ಚಿಕ್ಕಮ್ಮನ ಸೀರೆ ತಂದು ಹತ್ತು ನಿಮಿಷದಲ್ಲಿ ಸುತ್ತಿ ಪಿನ್ನು ಚುಚ್ಚಿ ಪುಟ್ಟಿಯನ್ನು ವೇದಿಕೆಗೆ ಕಳಿಸಿದರು. ಎರಡನೆಯ ಚರಣಕ್ಕೆ ಬರುವ ಹೊತ್ತಿಗೆ ನೆರಿಗೆ ಕಾಲಿಗೆ ಸಿಕ್ಕಿತು. ಹುಡುಗಿ ಮುಗ್ಗರಿಸಿ ಮಂಡಿಯೂರಿ ಬಿದ್ದಳು. ಹಿಂದಿನ ಸಾಲಿನಲ್ಲಿದ್ದ ಗಂಡುಹುಡುಗರು ಸಿಳ್ಳೆ ಹಾಕಿದರು. ಅವಳು ಎದ್ದು ಸೆರಗು ಹಿಡಿದುಕೊಂಡು ಒಳಗೆ ಓಡಿದಳು. ಆಮೇಲೆ ಡ್ಯಾನ್ಸ್ ಕ್ಲಾಸಿಗೆ ಹೋಗಿಲ್ಲ.

ಇಷ್ಟೇ ಆಗಿದ್ದರೆ ಅತ್ತು ಮರೆಯುತ್ತಿದ್ದೆನೇನೋ. ಉಪ್ಪಿಟ್ಟು ಕೇಸರಿಬಾತಿನ ಹೊತ್ತಿನಲ್ಲಿ ಅದೇ ಯಜಮಾನರು ನನ್ನನ್ನು ಕರೆದು ತಮ್ಮ ಫೋನು ತೋರಿಸಿದರು. ಅಮೆರಿಕದಲ್ಲಿರುವ ಮೊಮ್ಮಗಳ ಫೋಟೊ. ಆ ಮಗು ಅಲ್ಲಿ ಬ್ಯಾಲೆ ಕಲಿಯುತ್ತಿದೆಯಂತೆ. ಬಿಗಿಯಾದ ಕಾಲುಚೀಲ, ತೋಳಿಲ್ಲದ ರವಿಕೆ, ಸೊಂಟದ ಸುತ್ತ ಸೊಳ್ಳೆಪರದೆಯಂಥ ಬಟ್ಟೆಯ ಪದರಗಳು ತಟ್ಟೆಯ ಹಾಗೆ ಅಡ್ಡಡ್ಡ ನಿಂತಿವೆ. “ಇದಕ್ಕೆ ಟುಟು ಅಂತಾರಂತೆ ಕಣಮ್ಮ. ನೀನು ಹೊಲಿಯೋಳಲ್ವಾ, ಇಂಥದ್ದು ಬರ್ತದಾ?” ಎಂದು ಹೆಮ್ಮೆಯಿಂದ ಕೇಳಿದರು. ಬರುವುದಿಲ್ಲ ಎಂದೆ. ಆ ಮಗು ಮುದ್ದಾಗಿತ್ತು; ಅದರ ಬಟ್ಟೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಅದರ ಕಾಲು ಕಂಡರೆ ಕಲೆ, ನಮ್ಮ ಪುಟ್ಟಿಯ ಕಾಲಿನ ಆಕಾರ ರೇಷ್ಮೆಯ ಒಳಗಿಂದ ಕಂಡರೂ ಅಪಚಾರ! ಈ ಲೆಕ್ಕ ಯಾವ ಟೇಪಿನಲ್ಲಿ ಅಳೆದದ್ದು?

ಸರಿ, ಈ ಟುಟುವಿನ ಕಥೆಯನ್ನೇ ತಿಳಿಯೋಣ ಎಂದು ಮೈಸೂರಿನಿಂದ ಪುಸ್ತಕ ತರಿಸಿ ಓದಿದೆ. ಓದುತ್ತ ಹೋದಂತೆ ನಗು ಬಂತು, ಆಮೇಲೆ ಅಳು ಬಂತು. ಯಜಮಾನರ ತಮ್ಮಂದಿರು ಫ್ರಾನ್ಸ್ ದೇಶದಲ್ಲೂ ಇದ್ದರು.

ಸುಮಾರು ಮುನ್ನೂರು ವರ್ಷದ ಹಿಂದೆ ಪ್ಯಾರಿಸಿನ ನರ್ತಕಿಯರು ನೆಲ ಮುಟ್ಟುವ, ಒಳಗೆ ಬಳೆಕಟ್ಟು ಹಾಕಿ ಉಬ್ಬಿಸಿದ ಭಾರದ ಲಂಗ ತೊಟ್ಟು ಆಡಬೇಕಿತ್ತು. ನೆಗೆಯುವುದು, ಗಾಳಿಯಲ್ಲಿ ಕಾಲನ್ನು ಕತ್ತರಿಯಂತೆ ಆಡಿಸುವುದು ಗಂಡಸರ ಸೊತ್ತು. ಮರಿ ಕಮಾರ್ಗೊ ಎಂಬಾಕೆ ಅದನ್ನು ಕಲಿತಳು. ಕಲಿತದ್ದು ಕಾಣಬೇಕಲ್ಲ? ಲಂಗವನ್ನು ಪಾದದ ಹರಡಿನ ಮೇಲಕ್ಕೆ ಏರಿಸಿದಳು. ಬರೀ ಕೆಲವು ಅಂಗುಲ! ಅದಕ್ಕೇ ಊರೆಲ್ಲ ಗುಲ್ಲು. ಅದೇ ಕಾಲದ ಮರಿ ಸಾಲೆ 1734ರಲ್ಲಿ ಲಂಡನ್ನಿನಲ್ಲಿ ಬಳೆಕಟ್ಟು ಬಿಸಾಡಿ ತೆಳು ಮಸ್ಲಿನ್ ತೊಟ್ಟು ಆಡಿದಳು. ಇಬ್ಬರೂ ಬಟ್ಟೆ ಬದಲಿಸಿದ್ದು ತಮ್ಮ ಕೆಲಸಕ್ಕೆ ಅನುಕೂಲವಾಗಲಿ ಎಂದು. ಮೈ ತೋರಿಸುವ ಆಸೆಗೆ ಎಂದು ಹೇಳಿದವರು ನೋಡಿದವರು.

ಆಮೇಲೆ 1832ರಲ್ಲಿ ಮರಿ ತಾಲ್ಯೋನಿ ‘ಲಾ ಸಿಲ್ಫೀದ್’ ಎಂಬ ನೃತ್ಯನಾಟಕದಲ್ಲಿ ಗಂಟೆಯ ಆಕಾರದ ಬಿಳಿಯ ತೆಳು ಲಂಗ ತೊಟ್ಟು ಬೆರಳ ತುದಿಯ ಮೇಲೆ ನಿಂತಳು. ಟುಟುವಿನ ಅಜ್ಜಿ ಎಂದರೆ ಆ ಲಂಗ. ಅದು ಮೊಣಕಾಲಿನ ಕೆಳಗೇ ಇತ್ತು. ಮುಂದೆ ಇಟಲಿಯ ನರ್ತಕಿಯರು ಹೆಚ್ಚು ಹೆಚ್ಚು ತಿರುಗುವುದನ್ನು, ಕಠಿಣವಾದ ಕಾಲುಕೆಲಸವನ್ನು ಕಲಿತ ಹಾಗೆಲ್ಲ ಲಂಗ ಮೇಲೇರುತ್ತ ಹೋಯಿತು. ವರ್ಜೀನಿಯಾ ಜುಕ್ಕಿ ಎಂಬಾಕೆ 1885ರಲ್ಲಿ ರಷ್ಯಾಕ್ಕೆ ಹೋದಾಗ ತನಗೆ ಅಷ್ಟುದ್ದದ ಲಂಗ ಬೇಡ ಎಂದು ಹಟ ಹಿಡಿದಳು. ಕೊನೆಗೆ ಅದು ಸೊಂಟದಿಂದ ಅಡ್ಡಡ್ಡ ನಿಲ್ಲುವ ತಟ್ಟೆಯಾಯಿತು. ಹತ್ತು ಹನ್ನೆರಡು ಪದರ ಟುಲ್ ಬಟ್ಟೆ, ಮೇಲಿಂದ ಕೆಳಕ್ಕೆ ಒಂದೊಂದು ಪದರವೂ ಚಿಕ್ಕದು, ಕೈಯಿಂದಲೇ ಸಡಿಲ ಟಾಕು. ದೊಡ್ಡ ರಂಗಮಂದಿರಗಳಲ್ಲಿ ಒಂದು ಟುಟುವಿಗೆ ನೂರು ಗಂಟೆಯಷ್ಟು ಹೊಲಿಗೆ ಹಿಡಿಯುತ್ತದಂತೆ. ಹೊಲಿಯುವ ಆ ಅಕ್ಕತಂಗಿಯರಿಗೆ ಇಲ್ಲಿಂದಲೇ ಒಂದು ನಮಸ್ಕಾರ.

ಟುಟು ಎಂಬ ಹೆಸರೇ ಒಂದು ಪೋಲಿ ಮಾತು. ಫ್ರೆಂಚ್ ಮಕ್ಕಳು ಕುಂಡಿಗೆ ಹೇಳುವ ಮುದ್ದುಪದದಿಂದ ಅದು ಹುಟ್ಟಿತೆಂದು ಹೇಳುತ್ತಾರೆ. ಬೆವರು ಸುರಿಸಿ ಕುಣಿಯುವವಳ ಬಟ್ಟೆಗೆ ನೋಡುವವರು ಇಟ್ಟ ಹೆಸರು! ಅವರು ಎಂಥ ನೋಡುವವರು ಎಂಬುದಕ್ಕೂ ಸಾಕ್ಷಿಯಿದೆ. 1831ರಿಂದ ಪ್ಯಾರಿಸಿನ ಒಪೆರಾದಲ್ಲಿ ಚಂದಾ ಕಟ್ಟಿದ ಶ್ರೀಮಂತ ಗಂಡಸರಿಗೆ ವೇದಿಕೆಯ ಹಿಂದಿನ ಕೋಣೆಗೆ ಹೋಗಿ ನರ್ತಕಿಯರೊಡನೆ ಮಾತಾಡುವ ಹಕ್ಕು ಕೊಟ್ಟಿದ್ದರು. ಬಡಮನೆಯ ಹುಡುಗಿಯರು ಅಲ್ಲಿ ಕೈಕಾಲು ಚಾಚಿ ಮೈ ಬಿಸಿಮಾಡಿಕೊಳ್ಳುತ್ತಿದ್ದರೆ ಇವರು ಟೋಪಿ ಹಾಕಿಕೊಂಡು ನಿಂತು ಆರಿಸುತ್ತಿದ್ದರು. ಚಿತ್ರಕಾರ ದೆಗಾನ ಬ್ಯಾಲೆ ಚಿತ್ರಗಳನ್ನು ಕ್ಯಾಲೆಂಡರಿನಲ್ಲಿ ಕಂಡವರು ಸರಿಯಾಗಿ ನೋಡಿ. ಬಿಳಿ ಲಂಗಗಳ ಪಕ್ಕದಲ್ಲಿ, ಪರದೆಯ ಮರೆಯಲ್ಲಿ, ಕಪ್ಪು ಕೋಟು ತೊಟ್ಟ ಒಬ್ಬ ಗಂಡಸು ಎಷ್ಟೋ ಚಿತ್ರಗಳಲ್ಲಿ ನಿಂತಿದ್ದಾನೆ.

ಇನ್ನು ಅಳು ತರಿಸಿದ ಕಥೆ. ತಾಲ್ಯೋನಿಯ ಶಿಷ್ಯೆ ಎಮ್ಮಾ ಲಿವ್ರಿ. ಆ ಕಾಲದಲ್ಲಿ ವೇದಿಕೆಗೆ ಗ್ಯಾಸಿನ ದೀಪ. ತೆಳು ಬಟ್ಟೆಗೆ ಕಿಡಿ ತಾಗಿದರೆ ಮುಗಿಯಿತು. ಬೆಂಕಿ ಹತ್ತದ ಹಾಗೆ ಬಟ್ಟೆಯನ್ನು ಔಷಧಿಯಲ್ಲಿ ಅದ್ದುವ ಕ್ರಮ ಇತ್ತು, ಸರಕಾರದ ಆಜ್ಞೆಯೂ ಇತ್ತು. ಅದ್ದಿದರೆ ಬಟ್ಟೆ ಬಿರುಸಾಗುತ್ತದೆ, ಬಿಳಿ ಮಾಸುತ್ತದೆ ಎಂದು ಆಕೆ ಒಪ್ಪಲಿಲ್ಲ. 1862ರ ನವೆಂಬರಿನಲ್ಲಿ ತಾಲೀಮಿನ ಹೊತ್ತಿಗೆ ಲಂಗಕ್ಕೆ ಬೆಂಕಿ ಹತ್ತಿತು. ಎಂಟು ತಿಂಗಳು ನರಳಿ ಮರುವರ್ಷ ಜುಲೈಯಲ್ಲಿ ಸತ್ತಳು. ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಆಕೆಯದೇ ಹಟ ಎಂದು ಹೇಳಿಬಿಡಬಹುದು. ಆದರೆ ಹೆಣ್ಣು ಮೋಡದ ಹಾಗೆ ಬೆಳ್ಳಗೆ, ತೂಕವಿಲ್ಲದೆ ಕಾಣಬೇಕು ಎಂದು ಮೂವತ್ತು ವರ್ಷ ಚಪ್ಪಾಳೆ ತಟ್ಟಿ ಕಲಿಸಿದವರು ಯಾರು? ಸುಂದರವಾಗಿ ಕಾಣದಿದ್ದರೆ ನೀನಿಲ್ಲ ಎಂದು ಹೇಳಿಸಿಕೊಂಡು ಬೆಳೆದವಳು ಜೀವಕ್ಕಿಂತ ಬಿಳಿ ಬಣ್ಣ ದೊಡ್ಡದು ಅಂದುಕೊಂಡರೆ ಆಶ್ಚರ್ಯವೇನು? ಅಡಿಗೆಮನೆಯಲ್ಲಿ ನೈಲಾನ್ ಸೀರೆಯುಟ್ಟು ಸ್ಟೌವಿನ ಮುಂದೆ ನಿಂತ ನಮ್ಮ ಕಾಲದ ಹೆಂಗಸರಿಗೆ ಈ ಕಥೆ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟು ದೂರದ ಪ್ಯಾರಿಸ್ಸು ನಮಗೇಕೆ ಎನ್ನುವಿರಾ? ಪ್ಯಾರಿಸ್ಸು ನಮ್ಮ ಬೀದಿಗೇ ಬಂದಿತ್ತು. ಶಿರಾದಿಂದ ಜನರನ್ನು ತಂದು ನೆಲೆಗೊಳಿಸಿ ಟಿಪ್ಪು ಕಟ್ಟಿದ ಪೇಟೆ ನಮ್ಮ ಗಂಜಾಂ. ಹೊರಗಿನವರಿಗೆ ನಿಮಿಷಾಂಬ ಗುಡಿ, ಗುಂಬಜ್, ಅಂಜೂರದ ಹಣ್ಣು ಇಷ್ಟೇ ಗೊತ್ತು. ಇಲ್ಲಿ ಅಬ್ಬೆ ದುಬಾಯ್ ಹೆಸರಿನ ಹಳೆಯ ಚರ್ಚೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಫ್ರೆಂಚ್ ಪಾದ್ರಿ ಇಲ್ಲಿಗೆ ಬಂದು ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೂ ಓಡಾಡಿದರು. ನಿಲುವಂಗಿ, ರುಮಾಲು ತೊಟ್ಟು ನಮ್ಮವರಂತೆ ಬದುಕಿದರು. ಮೂವತ್ತೊಂದು ವರ್ಷ ಈ ದೇಶದಲ್ಲಿದ್ದು 1823ರಲ್ಲಿ ಮರಳಿದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಕೊಟ್ಟ ಬರಹವನ್ನು ಕಂಪನಿ ಸರಕಾರ ಎರಡು ಸಾವಿರ ಪಗೋಡ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಎಷ್ಟೋ ಭಾಗ ಅವರಿಗಿಂತ ಹಿಂದಿನ ಕರ್ದೂ ಎಂಬ ಪಾದ್ರಿಯ ಬರಹದಿಂದ ತೆಗೆದದ್ದೆಂದು ಈಚಿನ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಯಾರ ಕಣ್ಣಾದರೂ ಆಗಲಿ, ಪಾದ್ರಿಯ ಕಣ್ಣೇ.

ದೇವದಾಸಿಯರ ಬಗ್ಗೆ ಆ ಪುಸ್ತಕದಲ್ಲಿ ಒಳ್ಳೆಯ ಮಾತು ಕಡಿಮೆ. ಅವರ ಬದುಕನ್ನು, ಹಾಡನ್ನು ಪಾದ್ರಿ ಕಟುವಾಗಿ ಖಂಡಿಸುತ್ತಾರೆ. ಆದರೂ ಒಂದು ಕಡೆ ಒಪ್ಪಿಕೊಳ್ಳುತ್ತಾರೆ: ಈ ದೇಶದ ಹೆಂಗಸರಲ್ಲೆಲ್ಲ ಅತ್ಯಂತ ಮೈತುಂಬ ಬಟ್ಟೆ ಉಡುವವರು ಇವರೇ, ಮೈಯ ಯಾವ ಭಾಗವೂ ಕಾಣದಂತೆ ಎಚ್ಚರ ವಹಿಸುವವರು ಇವರೇ ಎಂದು. ಈ ಸಾಲನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಜಮಾನರಿಗೆ ಹೇಳಬೇಕಾದ ಉತ್ತರ ಇದರಲ್ಲೇ ಇತ್ತು. ಕತ್ತಿನಿಂದ ಕಾಲಿನವರೆಗೆ ಮುಚ್ಚಿಕೊಂಡಿದ್ದ ನರ್ತಕಿಯನ್ನು ನಮ್ಮ ಸಮಾಜ ಹೀನವಾಗಿ ಕಂಡಿತು. ಮೊಣಕಾಲು ಬಿಟ್ಟು ಕುಣಿದ ನರ್ತಕಿಯನ್ನು ಅವರ ಸಮಾಜವೂ ಹೀನವಾಗಿ ಕಂಡಿತು. ಹಾಗಾದರೆ ಬಟ್ಟೆಯ ಉದ್ದಕ್ಕೂ ಹೆಣ್ಣಿನ ಮರ್ಯಾದೆಗೂ ಏನು ಸಂಬಂಧ? ಆರು ಗಜ ಉಟ್ಟವಳಿಗೂ ಸಿಗದ ಗೌರವವನ್ನು ಪುಟ್ಟಿಗೆ ಒಂದು ಸೀರೆ ಸುತ್ತಿ ಕೊಡಿಸುತ್ತೇನೆಂದರೆ ನಂಬಲು ನಾವೇನು ಎಳೆಮಕ್ಕಳೇ?

ಈ ಕಥೆ ಇನ್ನೂ ಮುಂದಕ್ಕಿದೆ. ಪೋರ್ಚುಗೀಸರು ನರ್ತಕಿಗೆ ಹೇಳುತ್ತಿದ್ದ ‘ಬೈಲಾದೈರಾ’ ಎಂಬ ಮಾತು ಫ್ರೆಂಚರ ಬಾಯಲ್ಲಿ ‘ಬಯಾದೇರ್’ ಆಯಿತು. ನಮ್ಮ ದೇವದಾಸಿಯರನ್ನು ಕಣ್ಣಾರೆ ಕಾಣುವ ಮೊದಲೇ, 1830ರಲ್ಲಿ, ಪ್ಯಾರಿಸಿನಲ್ಲಿ ‘ದೇವರು ಮತ್ತು ಬಯಾದೇರ್’ ಎಂಬ ಆಟ ಕಟ್ಟಿದರು. ಬಯಾದೇರ್ ಆಗಿ ಕುಣಿದವಳು ಅದೇ ತಾಲ್ಯೋನಿ. ಎಂಟು ವರ್ಷದ ಮೇಲೆ, 1838ರಲ್ಲಿ, ಪಾಂಡಿಚೇರಿಯ ಹತ್ತಿರದ ತಿರುವೇಂದಿಪುರದಿಂದ ಅಮನಿ ಎಂಬಾಕೆಯೂ ಇನ್ನು ನಾಲ್ವರೂ ತಮ್ಮ ಮೇಳದವರೊಡನೆ ಹಡಗು ಹತ್ತಿ ಪ್ಯಾರಿಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗಿ ಕುಣಿದರು. ಜನ ಮುಗಿಬಿದ್ದು ನೋಡಿದರು, ಪತ್ರಿಕೆಗಳು ಪುಟಗಟ್ಟಲೆ ಬರೆದವು, ಒಬ್ಬ ಶಿಲ್ಪಿ ಅಮನಿಯ ಪ್ರತಿಮೆಯನ್ನೂ ಮಾಡಿದ. ನೋಡಿ ಕಲಿತರೇ? 1877ರಲ್ಲಿ ರಷ್ಯಾದಲ್ಲಿ ಪೆತಿಪಾ ಎಂಬಾತ ‘ಲಾ ಬಯಾದೇರ್’ ಎಂಬ ಪ್ರಸಿದ್ಧ ಬ್ಯಾಲೆ ಕಟ್ಟಿದ. ಅದರ ನಾಯಕಿ ಗುಡಿಯ ನರ್ತಕಿ. ಅವಳು ಸತ್ತ ಮೇಲೆ ನೆರಳುಗಳ ಲೋಕದ ದೃಶ್ಯದಲ್ಲಿ ಸಾಲು ಸಾಲು ಹೆಂಗಸರು ಬಿಳಿಯ ಟುಟು ತೊಟ್ಟು ಇಳಿದು ಬರುತ್ತಾರೆ. ಅಲ್ಲಿನ ನರ್ತಕಿಯ ಲಂಗ ತೊಡಿಸಿದ ಮೇಲೆಯೇ ಇಲ್ಲಿನ ದೇವದಾಸಿ ಅವರ ಕಣ್ಣಿಗೆ ಸುಂದರಿಯಾದದ್ದು. ಇವತ್ತಿಗೂ ಅದನ್ನು ದೇಶದೇಶಗಳಲ್ಲಿ ಆಡುತ್ತಾರೆ.

ಇತ್ತ ಅವಳ ಗತಿ ಏನಾಯಿತು? ಮೈಸೂರು ಸರಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಹುಡುಗಿಯರನ್ನು ದೇವರಿಗೆ ಬಿಡುವ ಕೆಟ್ಟ ಪದ್ಧತಿ ಹೋಗಬೇಕಾದದ್ದೇ. ಅದಕ್ಕೆ 1982ರಲ್ಲಿ ಮತ್ತೆ ಕಾಯ್ದೆ ಮಾಡಬೇಕಾಗಿ ಬಂತೆಂದರೆ ಅದರ ಬೇರು ಎಷ್ಟು ಆಳ ನೋಡಿ. ಆದರೆ ಪದ್ಧತಿಯ ಜೊತೆಗೆ ಆ ಹೆಂಗಸರ ವಿದ್ಯೆಗೂ ಗೌರವವಿಲ್ಲದೆ ಹೋಯಿತು. ನಮ್ಮ ಅದೃಷ್ಟ, ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರಿದ್ದರು. ಜಟ್ಟಿ ದಾಸಪ್ಪನವರ ಮಗಳು, ಅರಮನೆಯ ನರ್ತಕಿ. ಅವರ ಶಿಷ್ಯೆ ವೆಂಕಟಲಕ್ಷಮ್ಮ, ಕಡೂರು ಕಡೆಯ ತಂಗಲಿ ತಾಂಡ್ಯದ ಲಂಬಾಣಿ ಮನೆಯವರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ತೆರೆದಾಗ ಮೊದಲ ರೀಡರ್ ಆದವರು ಅವರು. 1992ರಲ್ಲಿ ಪದ್ಮಭೂಷಣ ಬಂತು. 2002ರವರೆಗೆ ನಮ್ಮ ನಡುವೆ ಇದ್ದರು. ವಯಸ್ಸಾದ ಮೇಲಿನ ಫೋಟೊಗಳಲ್ಲಿ ಅವರು ಸೀರೆಯುಟ್ಟೇ ಅಭಿನಯಿಸುತ್ತಿದ್ದಾರೆ.

“ನೋಡಿದೆಯಾ, ಸೀರೆ!” ಎಂದು ಯಜಮಾನರು ಈಗ ಎದ್ದು ನಿಲ್ಲುತ್ತಾರೆ. ಕೂತುಕೊಳ್ಳಿ ಯಜಮಾನರೇ. ಆ ಸೀರೆ ಉಟ್ಟವರು ಅವರೇ, ಉಡಿಸಿದ್ದು ಸಮಿತಿಯಲ್ಲ. ಯಾವ ಹೆಜ್ಜೆಗೆ ನೆರಿಗೆ ಎಷ್ಟು ಸಡಿಲ ಬಿಡಬೇಕು, ಎಲ್ಲಿ ಕಚ್ಚೆ ಬಿಗಿಯಬೇಕು ಎಂಬುದು ವರ್ಷಗಟ್ಟಲೆ ಅದರಲ್ಲೇ ಕುಣಿದವರಿಗೆ ಮೈಗೂಡಿದ ವಿದ್ಯೆ. ಆರು ತಿಂಗಳು ಪೈಜಾಮದ ಡ್ರೆಸ್ಸಿಗೆಂದು ಅಭ್ಯಾಸ ಮಾಡಿದ ಮಗುವಿಗೆ ಹತ್ತು ನಿಮಿಷದಲ್ಲಿ ಸುತ್ತುವ ಬಟ್ಟೆಯಲ್ಲ ಅದು.

ಹಾಗಾದರೆ ಈ ಪೈಜಾಮದ ಡ್ರೆಸ್ಸು ಎಲ್ಲಿಂದ ಬಂತು? ಇದರಲ್ಲೂ ಟುಟುವಿನ ನೆಂಟಸ್ತಿಕೆಯಿದೆ. ರಷ್ಯಾದ ಅನ್ನಾ ಪಾವ್ಲೊವಾ ಬ್ಯಾಲೆಯ ರಾಣಿ ಎನಿಸಿಕೊಂಡಿದ್ದವಳು. 1920ರ ದಶಕದಲ್ಲಿ ಎರಡು ಸಲ ಈ ದೇಶಕ್ಕೆ ಬಂದಳು. ರುಕ್ಮಿಣಿದೇವಿಯವರು ಆಕೆಯನ್ನು ಕಂಡು ಮನಸೋತು, ಆಕೆಯ ತಂಡದ ನರ್ತಕಿಯಿಂದ ಬ್ಯಾಲೆ ಕಲಿತರು. ನಿಮ್ಮ ದೇಶದ ನೃತ್ಯವನ್ನೇ ಹುಡುಕಿ ಎಂದು ಪಾವ್ಲೊವಾ ಹೇಳಿದರಂತೆ. ಅದರಂತೆ ಅವರು ಸದಿರ್ ಕಲಿತು 1935ರಲ್ಲಿ ಅಡ್ಯಾರಿನಲ್ಲಿ ವೇದಿಕೆಯೇರಿದರು. ಗುಡಿಯ ಶಿಲ್ಪಗಳನ್ನು ನೋಡಿ, ಹೊಲಿದ ಉಡುಪನ್ನು ಹೊಸದಾಗಿ ರೂಪಿಸಿದರು. ನಾನು ಇವತ್ತು ಹೊಲಿಯುವ ಡ್ರೆಸ್ಸು ಆ ಮನೆತನದ್ದು. ಇದರಲ್ಲಿ ಅನ್ಯಾಯದ ಒಂದು ಎಳೆಯೂ ಇದೆ ಎಂಬುದನ್ನು ಮುಚ್ಚಿಡಲಾರೆ. ಮೇಲುಜಾತಿಯ ಮನೆಯ ಹೆಣ್ಣುಮಕ್ಕಳು ಕುಣಿಯತೊಡಗಿದ ಮೇಲೆ ಕಲೆಗೆ ಮರ್ಯಾದೆ ಬಂತು, ಕಲಿಸಿದ ಮನೆಯ ಹೆಣ್ಣುಮಕ್ಕಳು ಹಿಂದೆ ಉಳಿದರು. ಅದೇ ಮನೆತನದ ಬಾಲಸರಸ್ವತಿಯವರು ಕೊನೆಯವರೆಗೂ ಹಳೆಯ ರೀತಿಯಲ್ಲಿ ಸೀರೆಯುಟ್ಟೇ ಕುಣಿದು, ನಮಗೂ ಒಂದು ಪರಂಪರೆಯಿದೆ ಎಂದು ತೋರಿಸಿದರು.

ಈಗ ಹೇಳಿ, ಪರಂಪರೆ ಯಾವುದು? ಬಾಲಸರಸ್ವತಿಯವರ ಸೀರೆಯೇ, ರುಕ್ಮಿಣಿದೇವಿಯವರ ಹೊಲಿದ ಉಡುಪೇ, ಪಾದ್ರಿ ಕಂಡ ಮೈತುಂಬ ಬಟ್ಟೆಯೇ? 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಗೆ ವರ್ಷವರ್ಷ ಬಸ್ಸು ಮಾಡಿಕೊಂಡು ಹೋಗಿ ಮದನಿಕೆಯರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಆ ಶಿಲಾಬಾಲಿಕೆಯರಿಗೆ ಯಾವ ಯಜಮಾನರೂ ಇನ್ನೂ ಸೀರೆ ಉಡಿಸಿಲ್ಲ. ಕಲ್ಲಾದರೆ ಪರಂಪರೆ, ಜೀವವಿದ್ದರೆ ಪಾಪ! ಪ್ರತಿ ಕಾಲದಲ್ಲೂ ನರ್ತಕಿಯ ಬಟ್ಟೆ ಬದಲಾಗಿದೆ. ಅದು ಎಂದೂ ಬದಲಾಗಲಿಲ್ಲ ಎನ್ನುವುದು ಸುಳ್ಳು. ಆ ಸುಳ್ಳಿನ ಭಾರ ಹೊತ್ತು ಮುಗ್ಗರಿಸಿದ್ದು ಹನ್ನೆರಡು ವರ್ಷದ ಮಗು.

ಗಂಡಸರಿಗೂ ಇದು ತಪ್ಪಿದ್ದಲ್ಲ ಎನ್ನುವವರಿದ್ದಾರೆ. ನಿಜ. ನಿಜಿನ್ಸ್ಕಿ ಎಂಬ ಮಹಾ ನರ್ತಕ 1911ರಲ್ಲಿ ಬಿಗಿ ಕಾಲುಚೀಲದ ಮೇಲೆ ವಾಡಿಕೆಯ ಚಡ್ಡಿ ತೊಡದೆ ಕುಣಿದನೆಂದು ರಷ್ಯಾದ ರಾಜರಂಗಮಂದಿರದಿಂದ ಕೆಲಸ ಕಳೆದುಕೊಂಡ. ಹೋದವನು ಜಗತ್ಪ್ರಸಿದ್ಧನಾದ. ಪುಟ್ಟಿ ಮನೆಯೊಳಗೆ ಕೂತು ಪಾತ್ರೆ ತೊಳೆಯುತ್ತಿದ್ದಾಳೆ.

ಬರೀ ಯಜಮಾನರನ್ನು ಬೈದು ನಾನು ಸಾಚಾ ಆಗುವುದಿಲ್ಲ. ನಾವು ಹೆಂಗಸರು ಏನು ಮಾಡುತ್ತಿದ್ದೇವೆ? ನನ್ನ ಮೇಜಿನ ಮುಂದೆ ತಾಯಂದಿರು ಹೇಳುವುದನ್ನು ಕೇಳಿ. “ಇವಳು ಕಪ್ಪು, ಈ ಬಣ್ಣ ಬೇಡ.” “ಇವಳ ಸೊಂಟ ದಪ್ಪ, ದಾವಣಿ ಅಗಲ ಬಿಡಿ.” “ಅವಳಿಗಿಂತ ಜರಿ ಕಮ್ಮಿ ಆಗಬಾರದು.” ಮಗು ಅಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿರುತ್ತದೆ. ರಂಗಪ್ರವೇಶ ಎಂದರೆ ನಾಲ್ಕು ಡ್ರೆಸ್ಸು, ಅದಕ್ಕೆ ಒಡವೆ, ಊಟ, ವಿಡಿಯೊ; ಮದುವೆಗೆ ಮೊದಲು ಒಂದು ಮದುವೆ. ಆ ಖರ್ಚು ಕೇಳಿಯೇ ಎಷ್ಟು ಹುಡುಗಿಯರು ಗೆಜ್ಜೆ ಬಿಚ್ಚಿದರೋ. ಬ್ಯಾಲೆಯವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬಿಳಿಯರ ಮೈಬಣ್ಣವನ್ನೇ ‘ಮೈಬಣ್ಣ’ ಎಂದು ಕರೆದು ಅದೇ ಗುಲಾಬಿ ಬೂಟು ಮಾರುತ್ತಿದ್ದರು. ಕಪ್ಪು ಹುಡುಗಿಯರು ತಮ್ಮ ಬೂಟಿಗೆ ಮುಖದ ಪೌಡರು ಬಳಿದು ಕಾಲಿನ ಬಣ್ಣಕ್ಕೆ ಹೊಂದಿಸಿಕೊಳ್ಳಬೇಕಿತ್ತು. ಲಂಡನ್ನಿನ ಒಂದು ಹೆಸರಾಂತ ಕಂಪನಿ ಕಂದು ಬಣ್ಣದ ಬೆರಳುಬೂಟು ಮಾಡಿದ್ದು 2018ರಲ್ಲಿ. ನೋಡುವವರ ಕಣ್ಣು ಗಂಡಸರ ಮುಖದಲ್ಲೇ ಇರಬೇಕೆಂದಿಲ್ಲ, ನಮ್ಮ ಮುಖದಲ್ಲೂ ಇರುತ್ತದೆ.

ಹಾಗಾದರೆ ಬಟ್ಟೆಗೆ ಕಟ್ಟುಪಾಡೇ ಬೇಡವೇ ಎಂದು ಕೇಳಿದರೆ, ಬೇಕು. ಆದರೆ ಅದು ಕೆಲಸದ ಕಟ್ಟುಪಾಡು. ಡ್ಯಾನ್ಸ್ ಡ್ರೆಸ್ಸಿಗೆ ನಾನು ಎರಡು ಅಳತೆ ತೆಗೆದುಕೊಳ್ಳುತ್ತೇನೆ. ಹುಡುಗಿಯನ್ನು ನಿಲ್ಲಿಸಿ ಒಂದು, ಅರೆಮಂಡಿ ಕೂರಿಸಿ ಒಂದು. ನಿಂತ ಅಳತೆಯಲ್ಲಿ ಹೊಲಿದ ಪೈಜಾಮ ಕೂತಾಗ ಹರಿಯುತ್ತದೆ. ಒಳಗೆ ಹತ್ತಿಯ ಲೈನಿಂಗು ಕೊಡುತ್ತೇನೆ, ಬೆವರು ಹೀರಲಿ ಎಂದು. ಹೊಲಿಗೆಯೊಳಗೆ ಎರಡೆರಡು ಬೆರಳು ಬಟ್ಟೆ ಬಿಡುತ್ತೇನೆ, ಮಗು ಬೆಳೆದರೆ ಬಿಚ್ಚಿಕೊಳ್ಳಲಿ ಎಂದು. ಕಾಲಿಗೆ ಸಿಗುತ್ತದೆಯೇ? ದೀಪಕ್ಕೆ ತಾಗುತ್ತದೆಯೇ? ಕೂತರೆ ಬಿಗಿಯುತ್ತದೆಯೇ? ತೊಟ್ಟವಳಿಗೆ ಮುಜುಗರವೇ? ಈ ನಾಲ್ಕು ಪ್ರಶ್ನೆ ಸಾಕು. ನಾಲ್ಕಕ್ಕೂ ಉತ್ತರ ಹೇಳಬೇಕಾದವಳು ಅದನ್ನು ತೊಟ್ಟವಳು. ಸೀರೆಯಲ್ಲೇ ಕುಣಿಯುತ್ತೇನೆ ಎಂದು ಅವಳು ಹೇಳಿದರೆ ಸೀರೆ. ಅದಕ್ಕೆ ತಕ್ಕ ಅಭ್ಯಾಸ ಮೊದಲಿಂದ ಆಗಲಿ. ಹೊಲಿದ ಉಡುಪು ಎಂದರೆ ಅದು. ಉಳಿದವರು ಕುರ್ಚಿಯಲ್ಲಿ ಕೂತು ತಾಳ ಹಾಕಿದರೆ ಸಾಕು.

ಹಿಂದಿನ ಸಾಲಿನಲ್ಲಿ ಸಿಳ್ಳೆ ಹಾಕಿದ ಹುಡುಗರನ್ನು ಆವತ್ತು ಯಾರೂ ಕರೆದು ಕೇಳಲಿಲ್ಲ. ಪರಂಪರೆಯ ಬಗ್ಗೆ ಅಷ್ಟು ಕಾಳಜಿಯಿದ್ದರೆ ಯಜಮಾನರು ಮೊದಲು ಆ ಸಾಲಿಗೆ ಹೋಗಬೇಕಿತ್ತು. ಹುಡುಗಿಯ ಬಟ್ಟೆ ಬದಲಿಸುವುದು ಸುಲಭ, ಹುಡುಗರ ಕಣ್ಣು ಬದಲಿಸುವುದು ಕಷ್ಟ. ಕಷ್ಟದ ಕೆಲಸ ಬಿಟ್ಟು ಸುಲಭದ್ದನ್ನು ಮಾಡಿ ಅದಕ್ಕೆ ಸಂಸ್ಕೃತಿ ಎಂದು ಹೆಸರಿಟ್ಟರು.

ಪುಟ್ಟಿಯ ಡ್ರೆಸ್ಸು ನನ್ನಲ್ಲೇ ಇದೆ. ಹೋದ ವಾರ ತಾಯಿ ಬಂದಿದ್ದಳು. “ಅದನ್ನ ಬಿಚ್ಚಿ ದಿಂಬಿನ ಕವರೋ ಏನೋ ಮಾಡ್ಕೊಡಿ ಅಕ್ಕ, ನೋಡಿದ್ರೆ ಹೊಟ್ಟೆ ಉರೀತದೆ” ಎಂದಳು. ಮಾಡಿಕೊಡಲಿಲ್ಲ. ಮಗು ಈ ಒಂದು ವರ್ಷದಲ್ಲಿ ಉದ್ದ ಆಗಿರಬಹುದು ಎಂದು ಒಳಗೆ ಬಿಟ್ಟಿದ್ದ ಎರಡು ಬೆರಳು ಬಟ್ಟೆ ಬಿಚ್ಚಿ ಮತ್ತೆ ಹೊಲಿದಿದ್ದೇನೆ. ಹೊಸ ಅಳತೆ ತೆಗೆಯಬೇಕು, ಒಂದು ಸಲ ಕ್ಲಾಸು ಮುಗಿಸಿಕೊಂಡು ಬಾ ಎಂದು ಪುಟ್ಟಿಗೆ ಹೇಳಿ ಕಳಿಸಿದ್ದೇನೆ. ಡ್ಯಾನ್ಸ್ ಮಿಸ್ಸಿಗೂ ಹೇಳಿದ್ದೇನೆ, ಈ ಸಲ ವೇದಿಕೆಯ ಹಿಂದೆ ಯಾರಾದರೂ ಬಂದರೆ ಮಾತಾಡಲು ನಾನಿರುತ್ತೇನೆ, ನೀವು ಸುಮ್ಮನಿದ್ದರೂ ಸರಿ ಎಂದು. ನನ್ನ ಜೊತೆ ಇನ್ನೂ ನಾಲ್ಕು ಜನ ತಾಯಂದಿರು ನಿಂತರೆ ಒಳ್ಳೆಯದು. ದಸರೆಗೆ ಇನ್ನೂ ಎರಡು ತಿಂಗಳಿದೆ.